ಹತ್ತು ಆಂಪಿಯರ್

ದುಬೈಯಿಂದ ಹಡಗಿನಲ್ಲಿ ಬಂದ ಝೊಹರಾಳ ವಿದ್ಯುತ್ ಕಾರಿಗೆ ಮಂಗಳೂರಿನ ಯಾವ ಚಾರ್ಜಿಂಗ್ ಕೇಂದ್ರದ ಕೇಬಲ್ಲೂ ಹೊಂದಲಿಲ್ಲ. ಕೊನೆಗೆ ಎಲೆಕ್ಟ್ರಿಷಿಯನ್ ಗಿಲ್ಬರ್ಟ್ ಅವಳ ಮನೆಗೇ ಬಂದು, ಪ್ಲಗ್ಗು ಬದಲಿಸಿ, ಕರೆಂಟನ್ನು ಹತ್ತು ಆಂಪಿಯರಿಗೆ ಇಳಿಸಿ, ಅಂತೂ ಚಾರ್ಜ್ ಹಿಡಿಸಿದ.

"ಮನೆಯ ವೈರಿಂಗ್ ಇದಕ್ಕಿಂತ ಹೆಚ್ಚು ತಡೀಲಿಕ್ಕಿಲ್ಲ ಅಕ್ಕ. ಪೂರ್ತಿ ತುಂಬಲಿಕ್ಕೆ ಎರಡು ದಿನ ಬೇಕು. ಇದನ್ನು ಮಾರಿ, ಇಲ್ಲಿಯದ್ದೇ ಒಂದು ತಗೊಳ್ಳಿ."

"ನನಗೆ ಕಾರು ಬಿಡ್ಲಿಕ್ಕೆ ಬರುದಿಲ್ಲ."

ಗಿಲ್ಬರ್ಟನಿಗೆ ಸೋಜಿಗವಾಯಿತು. "ಮತ್ತೆ ಇಷ್ಟು ಕಷ್ಟಪಟ್ಟು ತರಿಸಿದ್ದು ಯಾಕೆ?"

ಅವಳು ಚಾಲಕನ ಕಡೆಯ ಬಾಗಿಲು ತೆರೆದು ಸೀಟಿನ ಅಳತೆ ನೆನಪಿಟ್ಟುಕೊಳ್ಳುವ ಗುಂಡಿ ಒತ್ತಿದಳು. ಖಾಲಿ ಸೀಟು ಮೆಲ್ಲನೆ ಹಿಂದೆ ಸರಿದು, ದುಬೈಯಲ್ಲೇ ತೀರಿಕೊಂಡ ಅವಳ ಗಂಡನ ಉದ್ದ ಕಾಲುಗಳಿಗೆ ಬೇಕಾದಷ್ಟೇ ಜಾಗ ಬಿಟ್ಟು ನಿಂತಿತು.