ಅವ್ವ ಕೊಟ್ಟ ತೂಕ

ನಡುರಾತ್ರಿ ಗಾಜಿನ ಬಳೆಯೊಂದು ನೆಲಕ್ಕೆ ಬಿದ್ದು ಉರುಳಿದ ಸಣ್ಣ ಸದ್ದಿಗೆ ದಾಕ್ಷಾಯಣಿಗೆ ಎಚ್ಚರವಾಯಿತು. ಮಂಚದ ಕಾಲ್ದೆಸೆಯಲ್ಲಿ ಅವ್ವ ಕುಳಿತಿದ್ದಳು. ಅವಳ ಎರಡೂ ಅಂಗೈ ಮಗಳ ಪಾದದ ಮೇಲಿದ್ದವು. ತೂಕ ಕೊಡುವವರು ಹಾಗೆಯೇ ಕೂರುತ್ತಾರೆ.

ಮೈತುಂಬಿದ ಹೆಂಗಸರು ಬಸುರಿಯರಿಗೆ ತೂಕ ಕೊಡುವುದು ಊರಿನಲ್ಲಿ ಹೊಸದೇನಲ್ಲ. ಸಣಕಲಾದವರು ಮಾತ್ರ ಕೊಡಬಾರದು. ಕೊಟ್ಟದ್ದು ಎಷ್ಟು ಉಂಡರೂ ಮರಳಿ ಬರುವುದಿಲ್ಲ. ದಾಕ್ಷಾಯಣಿಗೆ ಏಳು ತಿಂಗಳಾದರೂ ತಿಂದದ್ದೆಲ್ಲ ವಾಂತಿ. ಕೂಸು ಬೆಳೆಯುತ್ತಿಲ್ಲ ಎಂದು ನರ್ಸಮ್ಮ ಹೇಳಿದಾಗ ಅವ್ವ ಕೇಳಿದ್ದಳು, "ನಾ ಕೊಡ್ಲೇನ್ರಿ?"

"ಗಾಳಿ ಬಂದ್ರ ಹಾರಿ ಹೋಗ್ತಿ, ನೀ ಏನ್ ಕೊಡ್ತಿ ಬೇ?" ಎಂದು ನರ್ಸಮ್ಮ ನಕ್ಕಿದ್ದಳು.

ಅವ್ವನ ಅಂಗೈ ಕೆಳಗಿನಿಂದ ದಾಕ್ಷಾಯಣಿ ಕಾಲು ಎಳೆದುಕೊಂಡಿದ್ದರೆ ಸಾಕಿತ್ತು, ಎಲ್ಲ ನಿಂತುಹೋಗುತ್ತಿತ್ತು. ಅಷ್ಟರಲ್ಲಿ ಎಷ್ಟೋ ದಿನಗಳ ಮೇಲೆ ಹೊಟ್ಟೆಯಲ್ಲಿ ಕೂಸು ಒದೆಯಿತು. ಅವಳು ಕಣ್ಣು ಮುಚ್ಚಿಕೊಂಡು ನಿದ್ದೆಯಲ್ಲಿದ್ದವರಂತೆ ಉಸಿರಾಡಿದಳು.

ಬೆಳಿಗ್ಗೆ ತೂಕದ ಮುಳ್ಳು ನೋಡಿ ನರ್ಸಮ್ಮ ಹಿಗ್ಗಿದಳು. "ಭಾಳ ಚಲೋ ಆತು! ಮಗಳಿಗೆ ಏನ್ ಉಣ್ಣಿಸಿದಿ ಬೇ?"

"ಮೆಂತ್ಯ ಪಲ್ಯ, ಹೆಸರುಕಾಳು, ಜೋಳದ ನುಚ್ಚು. ಈಗ ಕಕ್ಕೂದು ನಿಂತೈತ್ರಿ," ಎಂದಳು ಅವ್ವ. ಬಳೆ ನಿಲ್ಲದ ಕೈಗಳನ್ನು ಅವಳು ಸೆರಗಿನೊಳಗೆ ಮುಚ್ಚಿಕೊಂಡಿದ್ದಳು. ಗೋಡೆಗೆ ಬೆನ್ನು ಆನಿಸದೆ ನಿಲ್ಲಲೂ ಆಗುತ್ತಿರಲಿಲ್ಲ.

"ಹೌದೇನವಾ?" ಎಂದು ನರ್ಸಮ್ಮ ದಾಕ್ಷಾಯಣಿಯತ್ತ ತಿರುಗಿದಳು.

ದಾಕ್ಷಾಯಣಿ ತಲೆಯಾಡಿಸಿದಳು. ಇದನ್ನು ಯಾರಿಗೂ ಹೇಳಬಾರದು, ಗಂಡನಿಗೂ, ನಾಳೆ ಹುಟ್ಟುವ ಕೂಸಿಗೂ. ರಾತ್ರಿ ತಾನು ಎಚ್ಚರವಿದ್ದೆ ಎಂಬುದನ್ನು ಅವ್ವನಿಗೂ ಹೇಳಬಾರದು ಎಂದುಕೊಂಡಳು.