ಹಾಲು ಉಕ್ಕುವ ಮುಂಚೆ

ಮಾರಾಟಕ್ಕೆ ಮುಂಚೆ ಮನೆ ತನ್ನ ಹುಳುಕನ್ನು ತಾನೇ ಹೇಳಿಕೊಳ್ಳುವುದು ಮೈಸೂರಿನಲ್ಲಿ ಈಗ ವಾಡಿಕೆ. ಒಂಟಿಕೊಪ್ಪಲಿನ ಆ ಹಳೆಯ ಹೆಂಚಿನ ಮನೆಯೂ ನಾಚುತ್ತಲೇ ಹೇಳಿತು.

"ಅಡುಗೆಮನೆ ಮೂಲೆ ಸೋರುತ್ತಮ್ಮ. ಹಿತ್ತಲ ಮೆಟ್ಟಿಲು ಜಾರುತ್ತೆ, ಮಕ್ಕಳು ಹುಷಾರು. ಮುಚ್ಚಿಡಬಾರ್ದು ನೋಡಿ. ನೀವೇನಾದ್ರೂ ಹೇಳೋದಿದ್ಯಾ?"

ಮನೆ ಕೊಳ್ಳಲು ಬಂದಿದ್ದ ವಾರಿಜಾ ಗಂಡನ ಮುಖ ನೋಡಿದಳು. ಉಲ್ಲಾಸನ ಕಣ್ಣು ಮನೆಯ ಮೇಲಿರಲಿಲ್ಲ, ಸುತ್ತಲಿನ ವಿಶಾಲವಾದ ಜಾಗದ ಮೇಲಿತ್ತು. ಮನೆ ಕೆಡವಿ ಎಂಟು ಫ್ಲ್ಯಾಟು ಕಟ್ಟಿಸುವ ಪ್ಲ್ಯಾನು ಅವನ ಬ್ಯಾಗಿನಲ್ಲೇ ಇತ್ತು.

"ಏನಿಲ್ಲ," ಎಂದಳು ವಾರಿಜಾ.

"ಹಾಗಾದ್ರೆ ಬರೋವಾಗ ಹಾಲು ತನ್ನಿ. ಮೊದಲು ಒಲೆ ಮೇಲೆ ಹಾಲು ಉಕ್ಕಬೇಕು. ಪೂರ್ವದ ಕಿಟಕಿ ತೆಗೆದಿಟ್ಟಿರ್ತೀನಿ."

ರಿಜಿಸ್ಟ್ರೇಷನ್ ಮುಗಿಯಿತು. ಜೆಸಿಬಿ ಬರುವ ಬೆಳಿಗ್ಗೆ, "ಅಲ್ಲೇನು ಕೆಲಸ ನಿಂಗೆ?" ಎಂದು ಉಲ್ಲಾಸ ರೇಗಿದರೂ ವಾರಿಜಾ ಹಾಲು, ಪಾತ್ರೆ, ಚಿಕ್ಕ ಗ್ಯಾಸ್ ಒಲೆ ಹಿಡಿದು ಒಬ್ಬಳೇ ಹೋದಳು. ಪೂರ್ವದ ಕಿಟಕಿ ತೆರೆದೇ ಇತ್ತು. ಹಾಲು ಇನ್ನೂ ಬಿಸಿಯಾಗುತ್ತಿರುವಾಗ ಗೇಟಿನ ಬಳಿ ಗಡಗಡ ಸದ್ದಾಯಿತು.

"ಅದೇನಮ್ಮಾ?" ಎಂದಿತು ಮನೆ.

"ನಮ್ಮ ಸಾಮಾನಿನ ಲಾರಿ," ಎಂದು ವಾರಿಜಾ ಉರಿ ಜೋರು ಮಾಡಿದಳು.

"ಬರ್ಲಿ, ಬರ್ಲಿ," ಎನ್ನುತ್ತಾ ಮನೆ ಮುಂಬಾಗಿಲನ್ನು ಅಗಲವಾಗಿ ತೆರೆಯಿತು.