ಒಂದು ಬೊಗಸೆ ನೀರು

ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬಂದರೆ ಈಗಲೂ ನನಗೆ ಮಲ್ಪೆಯ ಆಚೆಗಿನ ದ್ವೀಪ ನೆನಪಾಗುತ್ತದೆ.

ನ್ಯಾಮತಿಯಿಂದ ಅಪ್ಪನ ಸ್ನೇಹಿತರ ಮನೆಯವರೆಲ್ಲ ಸೇರಿ ವ್ಯಾನು ಮಾಡಿಕೊಂಡು ಹೋಗಿದ್ದೆವು. ದೋಣಿ ಇಳಿದವರೇ ಎಲ್ಲರೂ ಕಂಬದಂಥ ಕಲ್ಲುಗಳ ಮೇಲೆ ಹತ್ತಿ ಫೋಟೊ ತೆಗೆಸಿಕೊಂಡರು. ಅಮ್ಮ ಒಂದು ತೆಂಗಿನಮರದ ನೆರಳು ಹುಡುಕಿ ಡಬ್ಬಿ ಬಿಚ್ಚಿದಳು. ಅಪ್ಪನಿಗೆ ಇಷ್ಟವೆಂದು ಮಂಡಕ್ಕಿಗೆ ಬೆಳ್ಳುಳ್ಳಿ, ಹುರಿಗಡಲೆ ಪುಡಿ ಹಾಕಿ ಒಗ್ಗರಣೆ ಮಾಡಿ ತಂದಿದ್ದಳು. ಮಂಡಕ್ಕಿಯನ್ನು ಮಾತ್ರ ತಿನ್ನುವ ಹೊತ್ತಿಗೇ ನೆನೆಸಿ ಕಲಸಬೇಕು, ಮೊದಲೇ ನೆನೆಸಿದರೆ ಮುದ್ದೆಯಾಗುತ್ತದೆ. ಅಮ್ಮ ಸಮುದ್ರ ಕಂಡದ್ದು ಅದೇ ಮೊದಲು. ಹೊನ್ನಾಳಿಯ ಹೊಳೆದಂಡೆಯಲ್ಲಿ ಮಾಡುತ್ತಿದ್ದಂತೆಯೇ ಮಂಡಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ, ಸಮುದ್ರದಲ್ಲಿ ಅದ್ದಿ, ಹಿಂಡಿಕೊಂಡು ಬಂದು ಒಗ್ಗರಣೆಗೆ ಕಲಸಿದಳು.

ಅಪ್ಪ ಒಂದು ತುತ್ತು ಬಾಯಿಗಿಟ್ಟು ಥೂ ಎಂದು ಉಗುಳಿದ.

"ಸಮುದ್ರದ ನೀರಾಗೆ ನೆನಸೀಯಲ್ಲೇ! ಬರ್ರೋ, ನೋಡ್ರೋ ಇಲ್ಲಿ!" ಎಂದು ಸ್ನೇಹಿತರನ್ನೆಲ್ಲ ಕೂಗಿದ. ಅವರ ಹೆಂಡತಿಯರೂ ಬಂದು ನಕ್ಕರು. ಆಮೇಲೆ ಎಲ್ಲರೂ ಎಳನೀರು, ಉಪ್ಪುಖಾರ ಹಚ್ಚಿದ ಅನಾನಸು ಮಾರುವವನ ಕಡೆ ಹೊರಟರು.

ಅಮ್ಮ ನೀರಿಗೆ ಮುಖ ಮಾಡಿ ಕೂತು ಆ ಮಂಡಕ್ಕಿಯನ್ನು ತಾನೇ ತಿನ್ನತೊಡಗಿದಳು. ನಾನೂ ಒಂದು ಹಿಡಿ ಬಾಯಿಗೆ ಹಾಕಿಕೊಂಡೆ. ನಾಲಿಗೆ ಉರಿಯಿತು.

"ಅಪ್ಪನ ಹತ್ರ ಹೋಗು, ಅನಾನಸು ಕೊಡಿಸ್ತಾರೆ" ಎಂದಳು, ನನ್ನ ಕಡೆ ತಿರುಗದೆ. ನಾನು ಅಲ್ಲೇ ಕೂತೆ.

ಊರಿಗೆ ಬಂದ ಮರುದಿನ ಪಕ್ಕದ ಮನೆಯ ಅಕ್ಕ ಬಂದು, "ಸಮುದ್ರ ಹೆಂಗೈತೆ?" ಎಂದು ಕೇಳಿದಳು. ಅಪ್ಪ ಅಲ್ಲೇ ಜಗಲಿಯ ಮೇಲೆ ಪೇಪರ್ ಓದುತ್ತಿದ್ದ.

"ನೀರೇನೋ ಬಾಳ ಐತಕ್ಕ" ಎಂದಳು ಅಮ್ಮ. "ಒಂದು ಬೊಗಸೆನೂ ಕುಡಿಯಾಕೆ ಬರಲ್ಲ."